ಖಾಲಿ ತಂತಿಯ ಕೆಳಗೆ ಒಂದು ಮಾತು

ಮೊದಲೇ ಹೇಳಿಬಿಡುತ್ತೇನೆ, ಇಂಥ ಸಂಗತಿಗಳನ್ನು ನಂಬುವವಳಲ್ಲ ನಾನು. ಸೂಲೂರಿನಲ್ಲಿ ನಮ್ಮದೊಂದು ಫೋಟೊ ಸ್ಟುಡಿಯೊ ಇತ್ತು. ಮೊದಲು ಅಪ್ಪನದು, ಆಮೇಲೆ ನನ್ನದಾಯಿತು. ಆಗಾಗ ಯಾರಾದರೂ ಮುಖ ಬಿಳಿಚಿಕೊಂಡು ಬಂದು, ಸತ್ತ ತಾತ ಮದುವೆ ಫೋಟೊದಲ್ಲಿ ಹೆಣ್ಣಿನ ಹಿಂದೆ ಬಂದು ನಿಂತಿದ್ದಾನೆ, ನೋಡಿ ಎನ್ನುತ್ತಿದ್ದರು. ನೆಗೆಟಿವ್ ತೆಗೆದು ಬೆಳಕಿಗೆ ಹಿಡಿದು, ಇದು ನಿಮ್ಮ ತಾತ ಅಲ್ಲ, ತೊಳೆಯುವಾಗ ಉಳಿದ ನೀರಿನ ಕಲೆ ಎಂದು ತೋರಿಸಿ ಕಳಿಸುತ್ತಿದ್ದೆ. ಕೆಲವರಿಗೆ ಸಮಾಧಾನವಾಗುತ್ತಿತ್ತು, ಕೆಲವರಿಗೆ ಬೇಸರ. ತಾತನನ್ನು ಕಿತ್ತುಕೊಂಡೆ ಎಂದು ಒಬ್ಬಾಕೆ ನನ್ನ ಮೇಲೆ ಕೋಪಿಸಿಕೊಂಡು ಹೋದದ್ದೂ ಉಂಟು. ಆಗ ನಕ್ಕಿದ್ದೆ.

ಅಂಥ ನನಗೇ ಒಂದು ಸಂಜೆ ನಡೆದದ್ದನ್ನು ಈಗ ಬರೆಯುತ್ತಿದ್ದೇನೆ. ಇದರಲ್ಲಿ ಒಂದು ಫೋಟೊ ಬರುತ್ತದೆ, ಆದರೆ ಆ ಫೋಟೊದಲ್ಲಿ ಏನೂ ಬಂದಿಲ್ಲ. ಅದನ್ನು ಈಗಲೇ ಹೇಳಿಟ್ಟರೆ ಕೊನೆಯಲ್ಲಿ ನಿಮಗೆ ಮೋಸವಾಯಿತು ಅನ್ನಿಸುವುದಿಲ್ಲ.

ನಾವು ಕನ್ನಡದವರು. ಹಾಗೆಂದರೆ ಕರ್ನಾಟಕ ಕಂಡವರೆಂದು ತಿಳಿಯಬೇಡಿ. ನಮ್ಮ ಹಿರಿಯರು ಮಗ್ಗ ಹೊತ್ತುಕೊಂಡು ಯಾವ ಕಾಲದಲ್ಲಿ ಈ ಕೊಯಮತ್ತೂರು ಸೀಮೆಗೆ ಬಂದರೋ ಮನೆಯಲ್ಲಿ ಯಾರಿಗೂ ತಿಳಿಯದು. ಒಳಗೆ ಕನ್ನಡ, ಬೀದಿಗಿಳಿದರೆ ತಮಿಳು. ನಿಮ್ಮ ಕನ್ನಡದಲ್ಲಿ ಅರ್ಧಕ್ಕರ್ಧ ತಮಿಳೇ ಎಂದು ಮೈಸೂರಿನವರು ನಗುತ್ತಾರೆ, ನಗಲಿ. ಕನ್ನಡ ಓದಲು ಬರೆಯಲು ಆಗ ನಮ್ಮಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ. ಕಾಗದ ಬರೆದರೆ ತಮಿಳಿನಲ್ಲೇ. ಕನ್ನಡವೆಂದರೆ ನಮಗೆ ಬಾಯಲ್ಲಿ ಮತ್ತು ಕಿವಿಯಲ್ಲಿ ಮಾತ್ರ ಇದ್ದ ಭಾಷೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವ್ವ ನನ್ನ ತಂಗಿಯನ್ನು ಹೆತ್ತು ಬಾಣಂತನದಲ್ಲೇ ತೀರಿಹೋದಳು. ನಮ್ಮಿಬ್ಬರನ್ನು ಸಾಕಿದವಳು ಅಪ್ಪನ ಅಕ್ಕ. ಗಂಡ ಹೋದ ಮೇಲೆ ಮಗನ ಕೈ ಹಿಡಿದುಕೊಂಡು ಉಡುಮಲೈಪೇಟೆಯಿಂದ ನಮ್ಮ ಮನೆಗೆ ಬಂದವಳು ಮತ್ತೆ ಹೋಗಲಿಲ್ಲ. ಅತ್ತೆಯ ಆಳ್ವಿಕೆಯಲ್ಲಿ ನೂರೆಂಟು ಕಟ್ಟಳೆಗಳಿದ್ದವು, ಎಲ್ಲಕ್ಕಿಂತ ಗಟ್ಟಿಯಾದದ್ದು ಹೊಸ್ತಿಲಿನದು. ಹೊಸ್ತಿಲ ಮೇಲೆ ನಿಂತು ಏನನ್ನೂ ಕೊಡಬಾರದು, ತೆಗೆದುಕೊಳ್ಳಬಾರದು, ಮಾತಂತೂ ಆಡಲೇಬಾರದು. ಹೊರಡುವವರು 'ಹೋಗ್ತೀನಿ' ಎನ್ನುವಂತೆಯೇ ಇಲ್ಲ. ಒಳಗೆ ನಿಂತು 'ಬತ್ತೀನಿ' ಎಂದು ಹೇಳಿ ಮುಗಿಸಿ, ಬಾಯಿ ಮುಚ್ಚಿಕೊಂಡು ದಾಟಬೇಕು. ಬೀದಿಗಿಳಿದ ಮೇಲೆ ಬೇಕಾದರೆ ತಮಿಳಿನಲ್ಲಿ ಕಿರುಚಿಕೊಳ್ಳಬಹುದು, ಅದಕ್ಕೆ ಅವಳ ಅಡ್ಡಿ ಇರಲಿಲ್ಲ.

ಆ ಅತ್ತೆಯ ಮಗನೇ ನನ್ನ ಬಾವ. ಅವನಿಗೆ ನಾನು, ನನಗೆ ಅವನು ಎಂದು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು. ಒಂದೇ ಮನೆಯಲ್ಲಿ ಬೆಳೆದವರು ನಾಚಿಕೊಳ್ಳುವುದಾದರೂ ಹೇಗೆ? ಅದಕ್ಕೇ ಜಗಳವಾಡಿಕೊಂಡಿದ್ದೆವು. ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಅವನಿಗೆ ರೈಲ್ವೆಯಲ್ಲಿ ಕೆಲಸ ಸಿಕ್ಕಿತು. ದೂರದ ಬೊಂಬಾಯಿ ಕಡೆ, ಕರೆಂಟಿನ ಎಂಜಿನ್ನಿನಲ್ಲಿ ಅಸಿಸ್ಟೆಂಟ್ ಡ್ರೈವರ್. ನಮ್ಮ ಊರಿನವರು ಕಂಡದ್ದೆಲ್ಲ ಡೀಸೆಲ್ ಎಂಜಿನ್, ಅದಕ್ಕೂ ಹಿಂದೆ ಹೊಗೆಯ ಎಂಜಿನ್. ನಮ್ಮ ಲೈನಿನ ಮೇಲೆ ಆಗ ತಂತಿಯೇ ಇರಲಿಲ್ಲ.

ಅವನದು ಬರೀ ಕರೆಂಟಿನ ಎಂಜಿನ್ ಅಲ್ಲ, ಎರಡು ಕರೆಂಟಿನ ಎಂಜಿನ್. ಒಮ್ಮೆ ರಜೆಗೆ ಬಂದಾಗ, ಹಾಗೆಂದರೆ ಏನು ಬಾವಾ ಎಂದು ಕೇಳಿದೆ. ಕಾಗದ ಪೆನ್ಸಿಲ್ ತರುತ್ತಾನೆಂದುಕೊಂಡರೆ ಎದ್ದು ಹೋಗಿ ಬಾಗಿಲಲ್ಲಿ ನಿಂತ, ಒಂದು ಕಾಲು ನಡುಮನೆಯಲ್ಲಿ, ಇನ್ನೊಂದು ಹೊರಗಿನ ಮೆಟ್ಟಿಲ ಮೇಲೆ.

"ಒಳಗಡೆ ಒಂದ್ ಕರೆಂಟು, ಕನ್ನಡ. ಹೊರಗಡೆ ಒಂದ್ ಕರೆಂಟು, ತಮಿಳು. ಮೋಟರ್ ಮಾತ್ರ ಒಂದೇ, ನಾನು. ತಿಳೀತಾ ಅಮ್ಮಿಣಿ?" ಎಂದ. ಈ ಸೀಮೆಯಲ್ಲಿ ಹುಡುಗಿಯರನ್ನು ಮುದ್ದಿಗೆ ಹಾಗೆ ಕರೆಯುತ್ತಾರೆ.

"ಲೇ, ಹೊಸ್ತಿಲ ಮೇಲೆ ನಿಂತು ಏನೋ ಅದು ಪೇಚು, ಇಳಿಯೋ ಕೆಳಗೆ!" ಎಂದು ಅತ್ತೆ ಅಡುಗೆಮನೆಯಿಂದ ಕೂಗಿದಳು. ಪೇಚು ಎಂದರೆ ಮಾತು, ಅದೂ ತಮಿಳಿನಿಂದ ಬಂದದ್ದೇ.

ಅವನು ಇಳಿದು ಬಂದು ಉಳಿದದ್ದನ್ನು ಕೂತು ವಿವರಿಸಿದ. ಬೊಂಬಾಯಿಯ ಸುತ್ತ ತಂತಿಯಲ್ಲಿ ಹರಿಯುವುದು ಹಳೆಯ ಕಾಲದ ಕರೆಂಟು, ಒಂದೇ ದಿಕ್ಕಿಗೆ ಹರಿಯುವಂಥದ್ದು, ಹದಿನೈದು ನೂರು ವೋಲ್ಟ್. ಮೋಟರಿಗೆ ಬೇಕಾದದ್ದೂ ಅದೇ ಬಗೆಯದು, ಹಾಗಾಗಿ ನಡುವೆ ಒಂದಷ್ಟು ತಡೆ ಇಟ್ಟು ನೇರವಾಗಿ ಉಣಿಸಿದರೆ ಆಯಿತು. ಅಲ್ಲಿಂದ ಆಚೆ ಗುಜರಾತಿನ ದಾರಿಯಲ್ಲಿ ಹೊಸ ಕರೆಂಟು, ಉಯ್ಯಾಲೆಯ ಹಾಗೆ ಹಿಂದೆ ಮುಂದೆ ತೂಗುವಂಥದ್ದು, ಇಪ್ಪತ್ತೈದು ಸಾವಿರ ವೋಲ್ಟ್. ಅದನ್ನು ಹಾಗೇ ಕುಡಿಸಿದರೆ ಮೋಟರು ಸುಟ್ಟು ಕರಕಲಾಗುತ್ತದೆ. ಎಂಜಿನ್ನಿನ ಹೊಟ್ಟೆಯಲ್ಲಿರುವ ಟ್ರಾನ್ಸ್‌ಫಾರ್ಮರ್ ಮೊದಲು ಅದರ ಸೊಕ್ಕು ಇಳಿಸುತ್ತದೆ, ಆಮೇಲೆ ಇನ್ನೊಂದು ಯಂತ್ರ ಅದನ್ನು ಒಂದೇ ದಿಕ್ಕಿಗೆ ತಿದ್ದಿ ಮೋಟರಿಗೆ ಕೊಡುತ್ತದೆ. ಈ ಎರಡು ತಂತಿಗಳು ಒಂದಕ್ಕೊಂದು ತಾಗುವಂತಿಲ್ಲ. ಅದಕ್ಕೇ ಎರಡರ ನಡುವೆ ಸ್ವಲ್ಪ ದೂರ ಕರೆಂಟೇ ಇಲ್ಲದ ಖಾಲಿ ತಂತಿ ಕಟ್ಟಿರುತ್ತಾರೆ. ಅದು ಬರುವ ಮೊದಲೇ ದೊಡ್ಡ ಸ್ವಿಚ್ಚು ಆರಿಸಿ, ಎಂಜಿನ್ನಿನ ನೆತ್ತಿಯ ಮೇಲೆ ತಂತಿಗೆ ತಾಗಿಕೊಂಡಿರುವ ಕೈಯನ್ನು ಇಳಿಸಬೇಕು. ರೈಲು ತನ್ನ ಓಟದ ಬಲದಲ್ಲೇ ಉರುಳುತ್ತಿರುವಾಗ ಒಳಗಿನ ಏರ್ಪಾಟು ಬದಲಿಸಿ, ಆಚೆಯ ತಂತಿ ಸಿಕ್ಕ ಮೇಲೆ ಮತ್ತೆ ಕೈ ಎತ್ತಬೇಕು.

"ಅಲ್ಲಿ ಎಷ್ಟು ಸುಮ್ನಾಗ್ತದೆ ಗೊತ್ತಾ?" ಎಂದ. "ಮೋಟರಿಗೆ ಗಾಳಿ ಊದೋ ಫ್ಯಾನೆಲ್ಲ ನಿಂತೋಗ್ತದೆ. ಚಕ್ರದ ಸದ್ದು ಬಿಟ್ರೆ ಏನೂ ಇಲ್ಲ. ದಿನಾ ಅಲ್ಲಿ ನಂಗೆ ನಮ್ಮನೆ ಹೊಸ್ತಿಲು ನೆನಪಾಗ್ತದೆ. ನಾನೂ ಬಾಯಿ ಮುಚ್ಕೊಂಡೇ ದಾಟ್ತೀನಿ."

ಅಂದಿನಿಂದ ನಮ್ಮಿಬ್ಬರ ಮಾತಿನಲ್ಲಿ ಆ ಖಾಲಿ ತಂತಿಗೆ ಹೊಸ್ತಿಲು ಎಂದೇ ಹೆಸರಾಯಿತು.

ನಾನು ರೈಲುಗಳ ಫೋಟೊ ತೆಗೆಯಲು ಶುರು ಮಾಡಿದ್ದು ಅವನಿಗಾಗಿ. ಅವನಿರುವ ಕಡೆ ಎಲ್ಲಿ ತಲೆ ಎತ್ತಿದರೂ ತಂತಿಯ ಬಲೆಯಂತೆ. ಊರಿನ ಲೈನಿನ ಮೇಲೆ ಬರೀ ಆಕಾಶ ಇರುತ್ತದಲ್ಲ, ಅದು ಕಾಣುವ ಹಾಗೆ ನಮ್ಮ ಎಕ್ಸ್‌ಪ್ರೆಸ್ ರೈಲುಗಳ ಫೋಟೊ ತೆಗೆದು ಕಳಿಸು ಎಂದು ಬರೆದಿದ್ದ. ಸ್ಟೇಷನ್ನಿನೊಳಗೆ ಕ್ಯಾಮೆರಾ ಎತ್ತಿದರೆ ಬೈಗುಳ, ಹಾಗಾಗಿ ಹೊಲದ ಬದುವಿನಿಂದಲೇ ತೆಗೆಯುತ್ತಿದ್ದೆ. ಅಪ್ಪನ ಹಳೆಯ ಪೆಟ್ಟಿಗೆ ಕ್ಯಾಮೆರಾ, ಒಂದರ ಮೇಲೊಂದು ಎರಡು ಕಣ್ಣಿನದು. ಅದನ್ನು ಹೊಟ್ಟೆಯ ಮಟ್ಟಕ್ಕೆ ಹಿಡಿದು, ಮೇಲಿನಿಂದ ಬಗ್ಗಿ ಗಾಜಿನೊಳಗೆ ನೋಡಬೇಕು. ಆ ಗಾಜಿನಲ್ಲಿ ಎಡ ಬಲ ಅದಲು ಬದಲಾಗಿ ಕಾಣುತ್ತದೆ. ಈರೋಡಿನ ಕಡೆ ಹೋಗುತ್ತಿರುವ ರೈಲು ಗಾಜಿನ ಮೇಲೆ ಕೊಯಮತ್ತೂರಿಗೆ ವಾಪಸು ಬರುತ್ತಿರುವಂತೆ ಕಾಣುತ್ತದೆ. ಮೊದಮೊದಲು ರೈಲಿನ ಜೊತೆ ಕ್ಯಾಮೆರಾ ತಿರುಗಿಸಲು ಹೋಗಿ ಎಷ್ಟೋ ಸಲ ಉಲ್ಟಾ ತಿರುಗಿಸಿ ಬರೀ ಜೋಳದ ಹೊಲದ ಫೋಟೊ ತೆಗೆದಿದ್ದೆ. ಅಲ್ಲಿನ ರೈಲ್ವೆ ಗೇಟಿನವನು ದಿನವೂ ಕೇಳುತ್ತಿದ್ದ, ಏನಮ್ಮ, ಇವತ್ತಾದರೂ ರೈಲು ನಿನ್ನ ಡಬ್ಬಿಯೊಳಗೆ ಬಿತ್ತಾ ಎಂದು.

ಹೀಗಿರುವಾಗ ತಿರುಪ್ಪೂರಿನಿಂದ ನನಗೊಂದು ಸಂಬಂಧ ಬಂತು. ಬನಿಯನ್ ಕಂಪನಿ ಇಟ್ಟಿದ್ದ ನಮ್ಮವರೇ, ಒಳ್ಳೆಯ ಮನೆ. ಅಪ್ಪ ನನ್ನನ್ನು ಒತ್ತಾಯಿಸಲಿಲ್ಲ. ಆದರೆ ಬಾವನ ಮನಸ್ಸು ಏನೆಂದು ಅವನಿಗೂ ತಿಳಿಯಬೇಕಿತ್ತು. ಬಾವ ಊರಿಗೇ ವರ್ಗ ಕೇಳಿ ಕೇಳಿ ಸೋತಿದ್ದ. ತಂತಿಯೇ ಇಲ್ಲದ ಲೈನಿನಲ್ಲಿ ಎರಡು ಕರೆಂಟಿನ ಎಂಜಿನ್ ಕಲಿತವನಿಗೆ ಏನು ಕೆಲಸ? ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗೋಣವೆಂದರೆ, ನಾಲ್ಕು ಜನರ ಜೊತೆ ಒಂದು ಕೋಣೆಯಲ್ಲಿ ಸರದಿಯ ಮೇಲೆ ಮಲಗುತ್ತಿದ್ದವನು ಅವನು. ಅಲ್ಲಿಗೆ ಬಂದರೆ ನೀನು ಮೂರನೇ ಕರೆಂಟು ಕಲಿಯಬೇಕು, ಹಿಂದಿ, ಎಂದು ತಮಾಷೆ ಮಾಡುತ್ತಿದ್ದನೇ ಹೊರತು ಬಾ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ತೈ ತಿಂಗಳು ಹುಟ್ಟುವುದರೊಳಗೆ, ಅಂದರೆ ಸಂಕ್ರಾಂತಿಯೊಳಗೆ, ತಿರುಪ್ಪೂರಿನವರಿಗೆ ಒಂದು ಮಾತು ಕೊಡಬೇಕು ಎಂದು ಅಪ್ಪ ಹೇಳಿದ.

ಆ ವರ್ಷ ಆಡಿ ತಿಂಗಳಲ್ಲಿ, ನಿಮ್ಮ ಆಷಾಢದ ಹೊತ್ತಿಗೆ, ಬಾವ ರಜೆಗೆ ಬಂದು ಹೊರಟ ದಿನ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಬಸ್ಸು ಬಂತು, ಬಸ್ಸು ಬಂತು ಎಂಬ ಗಡಿಬಿಡಿಯಲ್ಲಿ ಪೆಟ್ಟಿಗೆ ಎತ್ತಿಕೊಂಡು ಓಡಿದವನು 'ಬತ್ತೀನಿ' ಎನ್ನುವುದನ್ನೇ ಮರೆತು ಹೊಸ್ತಿಲು ದಾಟಿಬಿಟ್ಟ. ಅತ್ತೆ ಬಾಗಿಲಿಗೆ ಬಂದು ಕರೆಯುವಷ್ಟರಲ್ಲಿ ಬಸ್ಸು ಹೊರಟಿತ್ತು. ಬೀಳ್ಕೊಡಲು ಅಪ್ಪನೂ ನಾನೂ ಕೊಯಮತ್ತೂರು ಸ್ಟೇಷನ್ನಿಗೆ ಹೋದೆವು. ರೈಲು ಹೊರಡುವವರೆಗೂ ಅಪ್ಪನ ಎದುರಿಗೆ ನಾನು ಏನೂ ಕೇಳಲಾಗಲಿಲ್ಲ. ಹೊರಟ ಮೇಲೆ, ಅವನು ಡಬ್ಬಿಯ ಬಾಗಿಲಲ್ಲಿ ನಿಂತಿರುವಾಗ, ಜೊತೆಯಲ್ಲೇ ನಾಲ್ಕು ಹೆಜ್ಜೆ ನಡೆಯುತ್ತಾ ಕೇಳಿದೆ.

"ತೈಗೆ ಬತ್ತೀಯಾ ಬಾವಾ? ಇಲ್ವಾ?"

ಅವನು ಬಾಯಿ ತೆರೆದ. ಆಮೇಲೆ ಕಾಲ ಕೆಳಗೆ ನೋಡಿಕೊಂಡ. ಡಬ್ಬಿಯ ಬಾಗಿಲ ಪಟ್ಟಿಯ ಮೇಲೆ ನಿಂತಿದ್ದ ಅವನು, ಬೆರಳಿನಿಂದ ಅದನ್ನು ತೋರಿಸಿ, ತುಟಿಯ ಮೇಲೆ ಬೆರಳಿಟ್ಟುಕೊಂಡು ನಕ್ಕ. ಹೊಸ್ತಿಲ ಮೇಲೆ ಮಾತಾಡಬಾರದು ಎಂದು ಅದರ ಅರ್ಥ. ನನಗೂ ನಗು ಬಂತು. ರೈಲು ಹೋಯಿತು. ಮನೆಗೆ ಬರುವ ಬಸ್ಸಿನಲ್ಲಿ ಮಾತ್ರ ನನ್ನ ನಗು ಉಳಿದಿರಲಿಲ್ಲ, ಏಕೆಂದರೆ ಅವನು ನನಗೆ ಉತ್ತರವನ್ನೂ ಕೊಟ್ಟಿರಲಿಲ್ಲ, ಅತ್ತೆಗೆ 'ಬತ್ತೀನಿ' ಎಂದೂ ಹೇಳಿರಲಿಲ್ಲ.

ಆಮೇಲೆ ಬಂದ ಕಾಗದಗಳಲ್ಲಿ ರಜೆ ಕೇಳಿದ್ದೇನೆ, ನೋಡೋಣ ಎಂದಷ್ಟೇ ಇರುತ್ತಿತ್ತು. ಅದೂ ತಮಿಳಿನಲ್ಲಿ. ಕಾಗದದ ತಮಿಳು ಎಂಥದೆಂದು ನಿಮಗೆ ಹೇಗೆ ಹೇಳಲಿ, ನಮ್ಮ ಬಾವ ಬರೆದರೂ ಅದು ಯಾವನೋ ಗುಮಾಸ್ತ ಬರೆದ ಹಾಗೆ ಇರುತ್ತಿತ್ತು.

ಕಾರ್ತಿಕ ಹುಣ್ಣಿಮೆ ಬಂತು. ಆ ಸಂಜೆ ಈ ಸೀಮೆಯಲ್ಲಿ ಪ್ರತಿ ಮನೆಯ ಹೊಸ್ತಿಲಿಗೂ ಅಗಲು ದೀಪ, ಅಂದರೆ ಮಣ್ಣಿನ ಹಣತೆ, ಇಡುತ್ತಾರೆ. ಅಂದು ಸುತ್ತಲಿನ ವಿದ್ಯುತ್ ಮಗ್ಗಗಳಿಗೆಲ್ಲ ರಜೆ. ಹಗಲು ರಾತ್ರಿ ತಟಕ್ ತಟಕ್ ಎನ್ನುವ ಊರು ಸುಮ್ಮನಾಗಿತ್ತು. ರೈಲ್ವೆ ಲೈನಿನ ಆಚೆ ಬದಿಗೆ ಒಂದು ಸಾಲು ಮನೆಗಳಿವೆ. ಆ ದೀಪಗಳ ಮುಂದೆ ಬೊಂಬಾಯಿಗೆ ಹೋಗುವ ಎಕ್ಸ್‌ಪ್ರೆಸ್ ಹಾದುಹೋಗುವುದನ್ನು ತೆಗೆದು ಬಾವನಿಗೆ ಕಳಿಸಬೇಕೆಂದು ನಾನು ಕ್ಯಾಮೆರಾ, ಸ್ಟ್ಯಾಂಡು ಹೊತ್ತುಕೊಂಡು ಹೋದೆ. ಬೆಳಕು ಕಡಿಮೆ ಇತ್ತು, ರೈಲು ಬರೀ ಗೀಚಿದ ಹಾಗೆ ಬರುತ್ತದೆಂದು ಗೊತ್ತಿತ್ತು. ದೀಪಗಳು ಮಾತ್ರ ನಿಂತಲ್ಲೇ ನಿಂತಿರುತ್ತವೆ, ಅದೇ ಚೆಂದ ಅಂದುಕೊಂಡೆ. ಮಳೆ ಬಂದು ನಿಂತಿತ್ತು. ಪೂರ್ವದಲ್ಲಿ ಮೋಡದ ಅಂಚಿಗೆ ಚಂದ್ರ ಹುಟ್ಟುತ್ತಿದ್ದ.

ರೈಲು ಬಂತು. ನಾನು ಗಾಜಿನೊಳಗೆ ಬಗ್ಗಿ ನೋಡುತ್ತಿದ್ದೆ. ಡೀಸೆಲ್ ಎಂಜಿನ್ ಎದುರಿಗೆ ಹಾಯುವಾಗ ಎದೆಯೊಳಗೆ ಗುಡುಗಿದ ಹಾಗಾಗುತ್ತದೆ, ಕಾಲ ಕೆಳಗಿನ ನೆಲ ನಡುಗುತ್ತದೆ. ಅಂದೂ ಹಾಗೇ ಆಯಿತು. ಬಟನ್ ಒತ್ತಿ ಹಿಡಿದೆ. ಎಂಜಿನ್ ದಾಟಿ ಡಬ್ಬಿಗಳು ಹಾಯಲು ಶುರುವಾದವು. ಗಾಜಿನ ಮೇಲೆ ಅವು ಎಂದಿನಂತೆ ಉಲ್ಟಾ, ಮನೆಯ ಕಡೆಗೆ ಬರುತ್ತಿರುವಂತೆ ಹರಿಯುತ್ತಿದ್ದವು.

ಆಗ ಸದ್ದು ನಿಂತುಹೋಯಿತು. ರೈಲು ನಿಲ್ಲಲಿಲ್ಲ, ಸದ್ದು ನಿಂತಿತು. ಎಂಜಿನ್ನಿನ ಗುಡುಗು, ಡಬ್ಬಿಗಳ ಖಟಪಟ, ಗಾಳಿ, ಎಲ್ಲ. ಕಿವಿ ಕಟ್ಟಿದ ಹಾಗಲ್ಲ. ಕಿವಿ ಕಟ್ಟಿದರೆ ಒಳಗೆ ಗುಂಯ್‌ಗುಟ್ಟುತ್ತದೆ, ಇದರಲ್ಲಿ ಅದೂ ಇರಲಿಲ್ಲ. ಆ ಮೌನದಲ್ಲಿ ನನ್ನ ಬಲಗಿವಿಯ ಹತ್ತಿರ, ನಡುಮನೆಯಲ್ಲಿ ನಿಂತು ಹೇಳಿದಷ್ಟೇ ಮೆಲ್ಲಗೆ, ಬಾವನ ಧ್ವನಿ ಹೇಳಿತು.

"ಬತ್ತೀನಿ."

ಅಷ್ಟೇ. ನಡುವಿನ ಅಕ್ಷರವನ್ನು ಸ್ವಲ್ಪ ಎಳೆದು ಕೊನೆಯದನ್ನು ನುಂಗುವುದು ಅವನ ರೂಢಿ. ಹಾಗೇ ಇತ್ತು. ಮರುಕ್ಷಣ ಕೊನೆಯ ಡಬ್ಬಿಗಳ ಸದ್ದು ದಡಬಡ ಎಂದು ಮೈಮೇಲೆ ಬಿತ್ತು. ತಲೆ ಎತ್ತಿ ನೋಡಿದೆ, ಹಿಂದೆ ತಿರುಗಿ ನೋಡಿದೆ. ಬದುವಿನ ಮೇಲೆ ನಾನೊಬ್ಬಳೇ. ರೈಲಿನ ಹಿಂದಿನ ಕೆಂಪು ದೀಪ ಈರೋಡಿನ ಕಡೆಗೆ ಹೋಗುತ್ತಿತ್ತು. ನನಗೆ ಭಯವಾಗಲಿಲ್ಲ. ಇದನ್ನು ಯಾರೂ ನಂಬುವುದಿಲ್ಲ, ಆದರೆ ನಿಜ. ಒಣಗಿದ ಬಾಯಿಗೆ ನೀರು ಸಿಕ್ಕ ಹಾಗೆ ಸಂತೋಷವಾಯಿತು. ಅಲ್ಲೇ ನಿಂತು ಅತ್ತುಬಿಟ್ಟೆ.

ಮನೆಗೆ ಬಂದಾಗ ಅತ್ತೆ ಹೊಸ್ತಿಲ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ನಾನು ಒಳಗೆ ಬಂದ ಮೇಲೆ ನಡೆದದ್ದನ್ನು ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ನನ್ನ ಕೆನ್ನೆ ಹಿಡಿದಳು.

"ಹೇಳ್ದೆ ಹೋಗ್ಬಿಟ್ನಲ್ಲ ಅಂತ ಅಷ್ಟು ದಿನದಿಂದ ನನ್ ಹೊಟ್ಟೆ ಸಂಕಟ ನಂಗೇ ಗೊತ್ತು, ನನ್ ಕಣ್ಣೇ. ಈಗ ಹೇಳ್ದ. ಬಾಯಿ ಬಿಟ್ಟು ಹೇಳಿದ್ ಮೇಲೆ ಬಂದೇ ಬತ್ತಾನೆ."

ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ, ತಿರುಪ್ಪೂರಿನವರಿಗೆ ಬ್ಯಾಡ ಅಂದ್ಬಿಡಪ್ಪ ಎಂದು. ಯಾಕೆ ಎಂದು ಅವನು ಕೇಳಿದ. ಬಾವ ಬತ್ತೀನಿ ಅಂದಿದ್ದಾನೆ ಎಂದೆ. ಕಾಗದ ಬಂತಾ ಎಂದು ಅಪ್ಪ ಕೇಳಿದಾಗ ಅತ್ತೆಯೇ ನಡುವೆ ಬಾಯಿ ಹಾಕಿ, ಬಂದ ಹಾಗೇ ಇಟ್ಕೋ ಎಂದಳು. ಮರುದಿನ ಅಪ್ಪ ತಿರುಪ್ಪೂರಿಗೆ ಹೋಗಿ ಹೇಳಿಬಂದ.

ತೈ ಹುಟ್ಟುವ ಮೊದಲೇ, ಮಾರ್ಗಳಿ ತಿಂಗಳ ಕೊನೆಯಲ್ಲಿ, ಬಾವ ತೀರಿಕೊಂಡನೆಂದು ತಂತಿ ಬಂತು. ಕಾಮಾಲೆಯಾಗಿತ್ತಂತೆ, ತಲೆಗೇರಿತಂತೆ. ಅಪ್ಪ ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ದಿನಗಳ ಬಗ್ಗೆ ಬರೆಯಲು ನನ್ನಿಂದಾಗುವುದಿಲ್ಲ, ಬಿಟ್ಟುಬಿಡುತ್ತೇನೆ. ನನ್ನ ಕಿವಿಯನ್ನು ನಾನೇ ಬೈದುಕೊಂಡೆ ಎಂದಷ್ಟು ಹೇಳಿದರೆ ಸಾಕು. ಬೇಕು ಬೇಕು ಎಂದು ಹಂಬಲಿಸಿದ್ದನ್ನೇ ಕಿವಿ ಹೇಳಿತು, ಬೇರೇನೂ ಇಲ್ಲ ಎಂದು ತೀರ್ಮಾನಿಸಿಕೊಂಡೆ. ಆ ಸಂಜೆಯ ಫಿಲ್ಮು ಅಷ್ಟರಲ್ಲಿ ತೊಳೆದು, ಬಾವನಿಗೂ ಒಂದು ಪ್ರತಿ ಕಳಿಸಿಯಾಗಿತ್ತು. ಗೀಚಿದಂಥ ರೈಲು, ಅದರ ಹಿಂದೆ ಚುಕ್ಕಿ ಚುಕ್ಕಿ ದೀಪ. ಭೂತಗನ್ನಡಿ ಇಟ್ಟು ಮೂಲೆ ಮೂಲೆ ಹುಡುಕಿದೆ. ಒಂದು ನೀರಿನ ಕಲೆಯೂ ಇರಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಕೆಲವು ತಿಂಗಳ ಮೇಲೆ, ಬಾವ ಯಾರ ಕೈಕೆಳಗೆ ಕೆಲಸ ಮಾಡುತ್ತಿದ್ದನೋ ಆ ಡ್ರೈವರು ನಮ್ಮ ಮನೆ ಹುಡುಕಿಕೊಂಡು ಬಂದರು. ವಯಸ್ಸಾದವರು, ಗುಜರಾತಿನ ಕಡೆಯವರು. ರಾಮೇಶ್ವರಕ್ಕೆ ಹೊರಟಿದ್ದವರು, ದಾರಿಯಲ್ಲಿ ಇಳಿದು ಬಾವನ ತಗಡಿನ ಪೆಟ್ಟಿಗೆಯನ್ನು ತಾಯಿಯ ಕೈಗೇ ಒಪ್ಪಿಸಬೇಕೆಂದು ತಂದಿದ್ದರು. ಅವರಿಗೆ ಕನ್ನಡ ತಮಿಳು ಎರಡೂ ಬಾರದು. ಅಪ್ಪನಿಗೆ ಹಿಂದಿ ಬರುತ್ತಿತ್ತು. ಸೂಲೂರಿನ ಏರ್‌ಫೋರ್ಸ್ ನೆಲೆಯಲ್ಲಿದ್ದ ಉತ್ತರದ ಕಡೆಯ ಹುಡುಗರು ಊರಿಗೆ ಕಳಿಸಲು ನಮ್ಮ ಸ್ಟುಡಿಯೊದಲ್ಲೇ ಫೋಟೊ ತೆಗೆಸಿಕೊಳ್ಳುತ್ತಿದ್ದುದರಿಂದ ಅವರ ಜೊತೆ ಹರಟಿ ಹರಟಿ ಕಲಿತದ್ದು. ಡ್ರೈವರು ಹೇಳುತ್ತಿದ್ದರು, ಅಪ್ಪ ಒಂದೊಂದೇ ಮಾತು ಕನ್ನಡಕ್ಕೆ ತಿರುಗಿಸುತ್ತಿದ್ದ.

ಪೆಟ್ಟಿಗೆಯ ಮುಚ್ಚಳದ ಒಳಗೆ ನಾನು ಕಳಿಸಿದ್ದ ರೈಲಿನ ಫೋಟೊಗಳನ್ನು ಬಾವ ಅಂಟಿಸಿದ್ದ. ಕೊನೆಯದು ದೀಪಗಳ ಫೋಟೊ. ಅದನ್ನು ನೋಡಿ ಡ್ರೈವರಿಗೆ ಏನೋ ನೆನಪಾಯಿತು. ಈ ಹಬ್ಬದ ದಿನ ಹುಡುಗ ನನ್ನ ಜೊತೆ ಎಂಜಿನ್ನಿನಲ್ಲೇ ಇದ್ದ ಎಂದರು. ಹೊರಟಾಗಿನಿಂದ ಅವನಿಗೆ ಒಂದೇ ಮಾತು, ಇವತ್ತು ನಮ್ಮೂರಲ್ಲಿ ಬಾಗಿಲು ಬಾಗಿಲಿಗೂ ದೀಪ ಇಡುತ್ತಾರೆ ಎಂದು. ಆಗಲೇ ಅವನ ಕಣ್ಣು ಹಳದಿಯಾಗಿತ್ತು, ರಜೆ ಹಾಕಿ ಮಲಗು ಎಂದರೆ ಕೇಳಿರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಖಾಲಿ ತಂತಿಯ ಜಾಗ ಬಂತು. ಸ್ವಿಚ್ಚು ಆರಿಸಿ ಕೈ ಇಳಿಸಿದೆವು, ಎಲ್ಲ ಸುಮ್ಮನಾಯಿತು. ಆ ಜಾಗದಲ್ಲಿ ಎಂದೂ ತುಟಿ ಬಿಚ್ಚದ ಹುಡುಗ ಅಂದು ಮಾತಾಡಿದ. ಡ್ರೈವರು ಹೇಳಿದ್ದನ್ನು ಅಪ್ಪ ಕನ್ನಡದಲ್ಲಿ ಹೀಗೆ ಹೇಳಿದ:

"ದೀಪ ಇಲ್ಲ ಅಂದ್ನಂತೆ. ಇವ್ರು ತಲೆ ಎತ್ತಿ ನೋಡಿದ್ರಂತೆ, ಎಂಜಿನ್ ಒಳಗಿನ ದೀಪ ಉರೀತಾನೇ ಇತ್ತಂತೆ, ಅದು ಬ್ಯಾಟರೀದು. ಇದೆಯಲ್ಲೋ ನೋಡು ಅಂದ್ರಂತೆ. ಅವ್ನು ನಕ್ಕನಂತೆ."

ಅತ್ತೆ ಕಣ್ಣೊರೆಸಿಕೊಂಡಳು. ಹಬ್ಬದ ದಿನ ದೀಪವಿಲ್ಲ ಎಂದು ನೊಂದುಕೊಂಡನೇ ಎಂದು ಅವಳ ದುಃಖ. ನನಗೆ ಮಾತ್ರ ಅಷ್ಟಕ್ಕೇ ಬಿಡಲಾಗಲಿಲ್ಲ. ಅವನು ಆಡಿದ ಮಾತು ಯಾವುದು, ಅದನ್ನೇ ಹೇಳಲು ಕೇಳಪ್ಪ ಎಂದೆ. ಅಪ್ಪ ಕೇಳಿದ. ಡ್ರೈವರು ನನ್ನ ಕಡೆ ನೋಡಿ, ಅವನ ಹಾಗೇ ನಡುವೆ ಎಳೆದು, ಕೊನೆಯಲ್ಲಿ ನುಂಗಿ ಹೇಳಿದರು.

"ಬತ್ತೀ ನಿ."

ಹಿಂದಿಯವರಿಗೆ ಬತ್ತಿ ಎಂದರೆ ದೀಪ, ನುಂಗಿದ ಆ 'ನಿ' ಅವರಿಗೆ 'ನಹೀ' ಎಂದು, ಇಲ್ಲ ಎಂದು ಕೇಳಿಸಿತ್ತು. ಹಿಂದಿಯ ಗುಂಗಿನಲ್ಲಿದ್ದ ಅಪ್ಪನಿಗೆ ಕೂಡ ಅದು ತನ್ನ ಮನೆಯ ಮಾತೆಂದು ತಕ್ಷಣ ಹೊಳೆಯಲಿಲ್ಲ. ಅತ್ತೆಗೆ ಹೊಳೆಯಿತು. ಅವಳು ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಡ್ರೈವರು ತಾವೇನು ತಪ್ಪು ಹೇಳಿದೆವೋ ಎಂದು ಗಾಬರಿಯಾದರು. ಅಪ್ಪನಿಗೆ ಅರ್ಥವಾದ ಮೇಲೆ ಅವರಿಗೆ ಹೇಗೆ ವಿವರಿಸುವುದೆಂದು ಅವನಿಗೂ ತಿಳಿಯಲಿಲ್ಲ. ಊಟ ಬಡಿಸಿದೆವು. ಅವರು ಸಂಜೆಯ ರೈಲಿಗೆ ಹೊರಟರು.

ನನ್ನ ಬುದ್ಧಿಗೆ ತೋಚಿದ ಸಮಜಾಯಿಷಿಗಳನ್ನೆಲ್ಲ ನಾನೇ ಕೊಟ್ಟುಕೊಂಡಿದ್ದೇನೆ. ಹಬ್ಬದ ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಅವನು ಮನೆಯನ್ನು ನೆನೆಯುವುದು ಸಹಜ, ಅವನನ್ನು ನಾನು ನೆನೆಯುವುದೂ ಸಹಜ. ಅದೇ ಮಾತು ಇಬ್ಬರ ನಾಲಗೆಯ ತುದಿಯಲ್ಲೂ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ. ಆ ರೈಲಿನ ಬಾಗಿಲಲ್ಲಿ ನಮ್ಮವರೇ ಯಾರೋ ನಿಂತು ಯಾರಿಗೋ ಹೇಳಿದ್ದಿರಬಹುದು. ಡ್ರೈವರ ನೆನಪು ತಪ್ಪಿರಬಹುದು. ಇವೆಲ್ಲ ಸರಿಯೇ. ಆದರೆ ಡೀಸೆಲ್ ರೈಲು ಹಾಯುವಾಗ ನಿಂತ ಆ ಸದ್ದು? ನೀರಿನ ಕಲೆ ಎಂದು ಇದನ್ನು ಬೆಳಕಿಗೆ ಹಿಡಿದು ತೋರಿಸಲು ನನ್ನಿಂದ ಈವರೆಗೆ ಆಗಿಲ್ಲ.

ಅದಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ಬೇರೆ. ಅವನು ಹೇಳಿದ್ದು ಯಾವ ಬತ್ತೀನಿ? ತೈಗೆ ಬತ್ತೀಯಾ ಎಂದು ನಾನು ಕೇಳಿದ್ದಕ್ಕೆ ಕೊಟ್ಟ ಉತ್ತರವೋ? ಅಥವಾ ಮನೆಯಿಂದ ಹೊರಡುವಾಗ ಮರೆತುಹೋಗಿದ್ದ ಮಾತೋ? ನಮ್ಮಲ್ಲಿ ಬರುವುದಕ್ಕೂ ಹೋಗುವುದಕ್ಕೂ ಅದೊಂದೇ ಮಾತು. ಕಣ್ಣು ಹಳದಿಯಾಗಿದ್ದವನಿಗೆ ತನ್ನ ಸ್ಥಿತಿ ಎಷ್ಟು ತಿಳಿದಿತ್ತೋ ನನಗೆ ಗೊತ್ತಿಲ್ಲ. ಅತ್ತೆ ಸಾಯುವವರೆಗೂ ಹೇಳುತ್ತಿದ್ದಳು, ಹೇಳಿ ಹೋದ, ಅಷ್ಟು ಸಾಕು ಎಂದು. ಅವಳಿಗೆ ಸಾಕಾಯಿತು. ನನಗೆ ಸಾಕಾಗಲಿಲ್ಲ. ನಾನು ಮದುವೆಯಾಗಲಿಲ್ಲ. ಅದಕ್ಕೆ ವ್ಯಥೆಯಿದೆಯೇ ಎಂದು ಕೇಳಿದರೆ, ಕೆಲವು ಸಂಜೆ ಇದೆ, ಕೆಲವು ಸಂಜೆ ಇಲ್ಲ.

ಎಷ್ಟೋ ವರ್ಷಗಳ ಮೇಲೆ ನಮ್ಮ ಲೈನಿಗೂ ತಂತಿ ಬಂತು. ಕಂಬ ನೆಟ್ಟು, ತಂತಿ ಎಳೆದು, ಬಾವ ಕೇಳಿದ್ದ ಬರೀ ಆಕಾಶ ಇಲ್ಲದ ಹಾಗಾಯಿತು. ಒಂದೇ ಬಗೆಯ ಕರೆಂಟಾದರೂ ಅಲ್ಲಲ್ಲಿ ಖಾಲಿ ತಂತಿ ಬಿಟ್ಟಿರುತ್ತಾರೆಂದು ಕೇಳಿ, ಅಂಥ ಒಂದು ಜಾಗ ಹುಡುಕಿ, ಕ್ಯಾಮೆರಾ ಇಲ್ಲದೆ ಹೋಗಿ ನಿಂತೆ. ಎಂಜಿನ್ನಿನ ಗುಂಯ್ ಎಂಬ ಸದ್ದು ಅಲ್ಲಿ ಸ್ವಲ್ಪ ಹೊತ್ತು ಅಡಗುತ್ತದೆ. ಕಿವಿಗೊಟ್ಟೆ. ಚಕ್ರದ ಸದ್ದು ಬಿಟ್ಟು ಏನೂ ಕೇಳಲಿಲ್ಲ. ಎಷ್ಟೋ ಸಲ ಹೋಗಿದ್ದೇನೆ.

ತಲೆ ನರೆಯಲು ಶುರುವಾದ ಮೇಲೆ ಕನ್ನಡ ಅಕ್ಷರ ಕಲಿತೆ. ಆ ಮಾತನ್ನು ಒಮ್ಮೆಯಾದರೂ ಅದರ ಸ್ವಂತ ಬಟ್ಟೆಯಲ್ಲಿ ನೋಡಬೇಕೆಂದು ಆಸೆಯಿತ್ತು. ನಾನಾಗಿ ಬರೆದ ಮೊದಲ ಪದ ಅದೇ. ಕಲಿಸುತ್ತಿದ್ದ ಮೇಷ್ಟ್ರು ಅದನ್ನು ಹೊಡೆದುಹಾಕಿ 'ಬರುತ್ತೇನೆ' ಎಂದು ತಿದ್ದಿದರು. ನಾನು ಪಕ್ಕದಲ್ಲಿ ಮತ್ತೆ 'ಬತ್ತೀನಿ' ಎಂದೇ ಬರೆದೆ.

ಈಗ ಮನೆಯಲ್ಲಿ ತಂಗಿಯ ಮಕ್ಕಳಿದ್ದಾರೆ. ಬೆಳಿಗ್ಗೆ ಒಬ್ಬೊಬ್ಬರಾಗಿ 'ದೊಡ್ಡವ್ವಾ, ಬತ್ತೀನಿ' ಎಂದು ಹೊರಡುತ್ತಾರೆ. ಯಾವ ಬತ್ತೀನಿ, ಹೋಗೋದಕ್ಕಾ, ಬರೋದಕ್ಕಾ ಎಂದು ನಾನು ಪ್ರತಿ ಸಲವೂ ಕೇಳುತ್ತೇನೆ. ದೊಡ್ಡವ್ವನಿಗೆ ಇದೊಂದು ಹುಚ್ಚು ಎಂದು ಅವರಿಗೆ ನಗು. ಕೇಳುವಷ್ಟರಲ್ಲಿ ಅವರ ಕಾಲು ಹೊಸ್ತಿಲ ಮೇಲಿರುತ್ತದೆ. ನಮ್ಮ ಅತ್ತೆ ಹಾಕಿಟ್ಟ ಕಟ್ಟಳೆ, ಇವತ್ತಿಗೂ ಈ ಮನೆಯಲ್ಲಿ ಯಾರೂ ಅಲ್ಲಿ ನಿಂತು ಉತ್ತರ ಕೊಡುವುದಿಲ್ಲ.